ರೋಟರಿ ಕಟರ್ ಎಳೆ ಬಿಡುತ್ತಿದೆಯೇ? ಬ್ಲೇಡ್ ಬದಲಿಸುವ ಮುನ್ನ ಇಷ್ಟು ನೋಡಿ

ಕ್ವಿಲ್ಟ್‌ಗೆಂದು (ಕೌದಿಯಂಥ ಹೊದಿಕೆ) ರೋಟರಿ ಕಟರಿನಿಂದ, ಅಂದರೆ ಹಿಡಿಗೆ ಜೋಡಿಸಿದ ಉರುಳುವ ದುಂಡು ಬ್ಲೇಡಿನಿಂದ, ಪಟ್ಟಿ ಕತ್ತರಿಸಿ ಎತ್ತಿದರೆ ಅಲ್ಲಲ್ಲಿ ನಾಲ್ಕಾರು ಎಳೆ ಕತ್ತರಿಸದೆ ಉಳಿದು, ಎರಡು ತುಂಡು ಒಂದಕ್ಕೊಂದು ಜೋತುಬಿದ್ದಿರುತ್ತವೆ. ಬ್ಲೇಡ್ ಮೊಂಡಾಯಿತೆಂದು ಕೂಡಲೇ ಹೊಸದು ಹಾಕುವವರೇ ಹೆಚ್ಚು. ಆದರೆ ಬ್ಲೇಡನ್ನು ಹಿಡಿದಿಡುವ ನಟ್ ಅತಿಯಾಗಿ ಬಿಗಿಯಾಗಿದ್ದರೂ, ಕತ್ತರಿಸುವಾಗ ಬಟ್ಟೆಯ ಕೆಳಗೆ ಹಾಸುವ ಮ್ಯಾಟ್ ಸವೆದಿದ್ದರೂ, ಬಟ್ಟೆಯ ಪದರ ಹೆಚ್ಚಾದರೂ ಆಗುವುದು ಇದೇ. ಕಾರಣ ಯಾವುದೆಂದು ಆ ಉಳಿದ ಎಳೆಗಳನ್ನೇ ನೋಡಿ ತಿಳಿಯಬಹುದು.

ಮೊದಲು ಒಂದು ಪರೀಕ್ಷೆ. ತೆಳು ಹತ್ತಿ ಬಟ್ಟೆಯನ್ನು ಇಸ್ತ್ರಿ ಮಾಡಿ ಎರಡು ಪದರ ಹಾಸಿ. ಸುಮಾರು 50 ಸೆಂ.ಮೀ. ಉದ್ದಕ್ಕೆ, ನಡುವೆ ನಿಲ್ಲಿಸದೆ, ಹಗುರವಾಗಿ ಒಂದೇ ಸಲ ಕತ್ತರಿಸಿ. ಎಳೆ ಉಳಿದ ಕಡೆಗಳಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಗುರುತಿನಿಂದ ಗುರುತಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ.

ಸಮ ಅಂತರದಲ್ಲಿ ಉಳಿದಿದ್ದರೆ

45 ಎಂ.ಎಂ. ವ್ಯಾಸದ ಬ್ಲೇಡ್ ಒಂದು ಸುತ್ತು ಉರುಳಿದರೆ ಸುಮಾರು 14 ಸೆಂ.ಮೀ., ಅಂದರೆ ಐದೂವರೆ ಇಂಚು ಸಾಗುತ್ತದೆ. 60 ಎಂ.ಎಂ. ಬ್ಲೇಡಿಗೆ ಇದು ಸುಮಾರು 19 ಸೆಂ.ಮೀ., 28 ಎಂ.ಎಂ.ಗೆ ಸುಮಾರು 9 ಸೆಂ.ಮೀ. ನಿಮ್ಮ ಗುರುತುಗಳು ಈ ಅಂತರದಲ್ಲೇ ಮರುಕಳಿಸಿದರೆ ತಪ್ಪು ಬ್ಲೇಡಿನ ಅಂಚಿನಲ್ಲೇ ಇದೆ. ಒಂದೆರಡು ಎಳೆ ಮಾತ್ರ ಉಳಿದಿದ್ದರೆ ಅಂಚು ಒಂದು ಕಡೆ ಮುಕ್ಕಾಗಿದೆ. ಒಂದು ಸೆಂ.ಮೀ.ನಷ್ಟು ಉದ್ದಕ್ಕೆ ಉಳಿದಿದ್ದರೆ ಅಷ್ಟು ಭಾಗ ಮೊಂಡಾಗಿದೆ. ನಟ್ ಬಿಗಿಯಾಗಿ ಬ್ಲೇಡ್ ಉರುಳದೆ ಒಂದೇ ಕಡೆ ಉಜ್ಜಿಕೊಂಡು ಹೋಗುತ್ತಿದ್ದರೆ ಹೀಗಾಗುತ್ತದೆ. ಇಂಥ ಸಂದರ್ಭದಲ್ಲಿ ನಟ್ ಸರಿಪಡಿಸದೆ ಬರೀ ಬ್ಲೇಡ್ ಬದಲಿಸಿದರೆ ಹೊಸದೂ ಬೇಗನೆ ಅದೇ ಗತಿಗೆ ಬರುತ್ತದೆ.

ಮುಕ್ಕು ಹುಡುಕಲು ಬೆರಳು ಆಡಿಸಬೇಡಿ. ಪ್ರಕಾಶಮಾನ ದೀಪದ ಕೆಳಗೆ ಬ್ಲೇಡನ್ನು ನಿಧಾನವಾಗಿ ತಿರುಗಿಸಿ. ಹರಿತವಾದ ಅಂಚಿನ ಮೇಲೆ ಬೆಳಕು ನಿಲ್ಲುವುದಿಲ್ಲ. ಮುಕ್ಕಾದ ಜಾಗ ಬಿಳಿ ಚುಕ್ಕೆಯಂತೆ ಮಿನುಗುತ್ತದೆ.

ಮ್ಯಾಟಿನ ಒಂದೇ ಜಾಗದಲ್ಲಿ ಉಳಿದಿದ್ದರೆ

ಬಟ್ಟೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಮತ್ತೆ ಕತ್ತರಿಸಿ. ಈಗ ಸರಿಯಾಗಿ ಕತ್ತರಿಸಿದರೆ ಬ್ಲೇಡಿನ ತಪ್ಪೇನೂ ಇಲ್ಲ. ಮ್ಯಾಟಿನ ಒಂದೇ ಗೆರೆಯ ಮೇಲೆ ಸದಾ ಕತ್ತರಿಸಿ ಅಲ್ಲಿ ಕಾಲುವೆ ಬಿದ್ದಿದೆ. ಬಟ್ಟೆ ಅದರೊಳಕ್ಕೆ ತಗ್ಗುವುದರಿಂದ ಬ್ಲೇಡಿನ ಒತ್ತಡ ಎಳೆಗೆ ಸಿಗುವುದಿಲ್ಲ. ಸೀಳುಗಳಲ್ಲಿ ಹತ್ತಿಯ ನಾರು ತುಂಬಿಕೊಂಡಿದ್ದರೂ ಹೀಗೇ. ಮೆತ್ತನೆಯ ರಬ್ಬರಿನಿಂದ ಉಜ್ಜಿ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಿಸಿನೀರು, ಬಿಸಿಲು, ಇಸ್ತ್ರಿಪೆಟ್ಟಿಗೆ ಯಾವುದೂ ಮ್ಯಾಟಿನ ಹತ್ತಿರ ಬೇಡ. ಒಮ್ಮೆ ಸೊಟ್ಟಗಾದ ಮ್ಯಾಟ್ ಮತ್ತೆ ಸಮತಟ್ಟಾಗುವುದು ಕಷ್ಟ.

ಉದ್ದಕ್ಕೂ ಅಲ್ಲಲ್ಲಿ ಉಳಿದಿದ್ದರೆ ನಟ್ ಬಿಗಿಯಾಗಿರಬಹುದು, ಬ್ಲೇಡಿನ ಹಿಂದೆ ನಾರು ಸೇರಿರಬಹುದು, ಇಲ್ಲವೇ ಇಡೀ ಅಂಚು ಸವೆದಿರಬಹುದು. ಬಿಚ್ಚಿ ಸ್ವಚ್ಛ ಮಾಡುವುದು ಈ ಮೂರಕ್ಕೂ ಮೊದಲ ಹೆಜ್ಜೆ. ತಳದ ಪದರ ಮಾತ್ರ ಉಳಿದರೆ ಪದರ ಕಡಿಮೆ ಮಾಡಿ: 45 ಎಂ.ಎಂ. ಕಟರಿಗೆ ಕ್ವಿಲ್ಟಿಂಗ್ ಹತ್ತಿ ನಾಲ್ಕು ಪದರ ಸಾಕು, ಹೊಸ ಬ್ಲೇಡ್ ಇದ್ದರೆ ಆರು. ಕತ್ತರಿಸುವ ಗೆರೆಯ ಆರಂಭದಲ್ಲಷ್ಟೇ ಉಳಿದರೆ, ಬಟ್ಟೆಯ ಅಂಚಿಗಿಂತ ಎರಡು ಬೆರಳು ಹಿಂದೆ ಮ್ಯಾಟಿನ ಮೇಲೆಯೇ ಬ್ಲೇಡ್ ಊರಿ ಹೊರಡಿ.

ಬಿಚ್ಚಿ ಸ್ವಚ್ಛ ಮಾಡುವ ಕ್ರಮ

ಬಿಚ್ಚುವ ಮುನ್ನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ನಟ್, ವಾಷರ್, ಬ್ಲೇಡ್, ಬೋಲ್ಟ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ವಾಷರ್ ಚಪ್ಪಟೆಯಲ್ಲ, ಸ್ವಲ್ಪ ಬಾಗಿರುತ್ತದೆ. ಅದರ ಉಬ್ಬು ಯಾವ ಕಡೆಗಿತ್ತು ಎಂಬುದನ್ನು ಖಂಡಿತ ಗಮನಿಸಿ. ತಿರುಗಿಸಿ ಕೂರಿಸಿದರೆ ಬ್ಲೇಡ್ ಒಂದೋ ಓಲಾಡುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಲೇಡನ್ನು ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿನ ಗುಂಟ ಎಂದೂ ಬೇಡ. ರಕ್ಷಾಕವಚದ ಹಿಂದೆ ಅಂಟಿರುವ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಬ್ಲೇಡ್ ಕವಚಕ್ಕೆ ತಾಗುವ ಕಡೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಹಾಕಿ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗಿ ನಾರನ್ನು ಹಿಡಿದುಕೊಳ್ಳುತ್ತದೆ. ಜೋಡಿಸಿದ ಮೇಲೆ ಬೇಡದ ಬಟ್ಟೆಯ ಮೇಲೆ ಐದಾರು ಸಲ ಉರುಳಿಸಿದರೆ ಹೆಚ್ಚಿನ ಎಣ್ಣೆ ಹೋಗುತ್ತದೆ.

ನಟ್ ಎಷ್ಟು ಬಿಗಿಯಬೇಕು? ಪೂರ್ತಿ ಬಿಗಿದು ಸ್ವಲ್ಪ ಸಡಿಲಿಸಿ. ಮ್ಯಾಟಿನ ಮೇಲೆ ಮೆಲ್ಲಗೆ ತಳ್ಳಿದರೆ ಬ್ಲೇಡ್ ಉರುಳಬೇಕು, ಪಕ್ಕಕ್ಕೆ ಮಾತ್ರ ಅಲುಗಾಡಬಾರದು. ಸಡಿಲ ಹೆಚ್ಚಾದರೆ ಬ್ಲೇಡ್ ಓಲಾಡಿ ಪಟ್ಟಿಯ ಅಗಲ ಏರುಪೇರಾಗುತ್ತದೆ. ಬಿಗಿ ಹೆಚ್ಚಾದರೆ ಬಟ್ಟೆ ಮುಂದಕ್ಕೆ ಮುದುರುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಆ ಒತ್ತಡಕ್ಕೆ ಮ್ಯಾಟ್ ಸೀಳುತ್ತದೆ. ಹಾಳಾದ ಎಷ್ಟೋ ಮ್ಯಾಟ್‌ಗಳ ಮೂಲ ಈ ಒಂದು ನಟ್.

ಹೊಸ ಬ್ಲೇಡ್ ಹಾಕಿದರೂ ಕತ್ತರಿಸದಿದ್ದರೆ ಬಿಚ್ಚಿ ನೋಡಿ. ಡಬ್ಬಿಯ ಬ್ಲೇಡ್‌ಗಳಿಗೆ ಎಣ್ಣೆ ಸವರಿರುವುದರಿಂದ ಎರಡು ಅಂಟಿಕೊಂಡು ಒಟ್ಟಿಗೆ ಬಂದಿರಬಹುದು, ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಬೇರೆ ಕಂಪನಿಯ ಬ್ಲೇಡ್ ಆದರೆ ನಡುವಿನ ರಂಧ್ರ ನಿಮ್ಮ ಬೋಲ್ಟ್‌ಗೆ ಸರಿಯಾಗಿ ಕೂರುತ್ತದೆಯೇ ಎಂದೂ ನೋಡಿ.

ಮುಕ್ಕಾಗುವುದು ಎಲ್ಲಿಂದ?

ಗುಂಡುಪಿನ್ನಿನ ಮೇಲೆ ಒಂದೇ ಒಂದು ಸಲ ಹರಿದರೂ ಅಂಚು ಹೋಯಿತು. ಪಿನ್ನುಗಳನ್ನು ಕತ್ತರಿಸುವ ಮೇಜಿನಿಂದ ದೂರವಿಡಿ. ಗ್ರಾನೈಟ್ ಕಟ್ಟೆ, ಗಾಜು, ಮೊಸಾಯಿಕ್ ನೆಲದ ಮೇಲೆ ಮ್ಯಾಟ್ ಇಲ್ಲದೆ ಕತ್ತರಿಸುವುದೂ ಅಷ್ಟೇ ಹಾನಿ. ಸ್ಟೀಲ್ ಸ್ಕೇಲ್ ಅಂಚನ್ನು ಕೆಡಿಸುತ್ತದೆ. ಶಾಲೆಯ ತೆಳು ಪ್ಲಾಸ್ಟಿಕ್ ಸ್ಕೇಲ್ ಅದಕ್ಕಿಂತ ಅಪಾಯ, ಬ್ಲೇಡ್ ಅದರ ಮೇಲೆ ಹತ್ತಿ ಸೀದಾ ಬೆರಳಿಗೆ ಬರುತ್ತದೆ. ಸುಮಾರು 3 ಎಂ.ಎಂ. ದಪ್ಪದ ಅಕ್ರಿಲಿಕ್ ರೂಲರ್ ಬಳಸಿ, ಬ್ಲೇಡನ್ನು ನೆಟ್ಟಗೆ ಹಿಡಿಯಿರಿ. ರೂಲರಿನ ಕಡೆಗೆ ವಾಲಿಸಿದರೆ ಅಕ್ರಿಲಿಕ್ ಕೆತ್ತಿಬರುತ್ತದೆ.

ಕೌದಿಗೆ ಹಳೆಯ ಸೀರೆ ಕತ್ತರಿಸುವವರು ಜರಿಯ ಅಂಚನ್ನೂ ಸೆರಗಿನ ಜರಿ ಭಾಗವನ್ನೂ ಮೊದಲೇ ಹಳೆಯ ಕತ್ತರಿಯಿಂದ ಬೇರ್ಪಡಿಸಿ. ಲೋಹದ ಎಳೆಯಿರುವ ಜರಿ ಬ್ಲೇಡನ್ನು ಬೇಗ ಕೆಡಿಸುತ್ತದೆ. ರವಿಕೆ, ಅಂಗಿಗಳಾದರೆ ಹುಕ್ಕು, ಗುಂಡಿ, ಝಿಪ್ ತೆಗೆದಿರಬೇಕು. ಮೆತ್ತಗಾದ ಹಳೆಯ ಬಟ್ಟೆ ಬ್ಲೇಡಿನ ಮುಂದೆ ಮುದುರುವುದು ಸಹಜ. ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಹೊಸ ಬಟ್ಟೆಯ ಹಾಗೆ ಕತ್ತರಿಸುತ್ತದೆ. ಪೂರ್ತಿ ಒಣಗಿಸಿಯೇ ಕತ್ತರಿಸಿ, ತೇವಕ್ಕೆ ಬ್ಲೇಡ್ ತುಕ್ಕು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಕೆಲಸ ಮುಗಿದ ಮೇಲೆ ಬ್ಲೇಡಿಗೆ ಎಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಅಲ್ಯೂಮಿನಿಯಂ ಹಾಳೆ ಮಡಿಸಿ ಅದರ ಮೇಲೆ ಕತ್ತರಿಸಿದರೆ ಬ್ಲೇಡ್ ಹರಿತವಾಗುತ್ತದೆಂದು ಹೇಳುವುದುಂಟು. ಅಂಚಿಗೆ ಅಂಟಿದ್ದು ಹೋಗಿ ಸ್ವಲ್ಪ ಹೊತ್ತು ಚೆನ್ನಾಗಿ ಕತ್ತರಿಸೀತು, ಆದರೆ ಮುಕ್ಕು ಅದರಿಂದ ಹೋಗುವುದಿಲ್ಲ. ಮುಕ್ಕಾದ ಬ್ಲೇಡನ್ನು ಕಾಗದ ಕತ್ತರಿಸಲು ತೆಗೆದಿಡಿ. ಗುರುತಿಗೆ ಅಳಿಸದ ಪೆನ್ನಿನಿಂದ ‘ಕಾಗದ’ ಎಂದು ಬರೆದಿದ್ದರೆ ಬಟ್ಟೆಯ ಬ್ಲೇಡಿನೊಂದಿಗೆ ಬೆರೆಯುವುದಿಲ್ಲ.

ಅದಕ್ಕೂ ಬಾರದ ಬ್ಲೇಡ್‌ಗಳನ್ನು ಹಾಗೆಯೇ ಕಸಕ್ಕೆ ಎಸೆಯಬೇಡಿ, ಕಸ ವಿಂಗಡಿಸುವ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ತಗಡಿನ ಡಬ್ಬಿಯೊಂದರಲ್ಲಿ ಕೂಡಿಡಿ. ತುಂಬಿದ ಮೇಲೆ ಮುಚ್ಚಳಕ್ಕೆ ಸುತ್ತಲೂ ಟೇಪ್ ಅಂಟಿಸಿ, ಮೇಲೆ ‘ಬ್ಲೇಡ್’ ಎಂದು ದೊಡ್ಡದಾಗಿ ಬರೆದು, ಕಸದ ಗಾಡಿಯವರಿಗೆ ಪ್ರತ್ಯೇಕವಾಗಿ ಹೇಳಿ ಕೊಡಿ.