ನಿಲ್ಲಿಸಿದಲ್ಲಿಂದಲೇ ಮುಂದುವರಿಯಬೇಕು: ಎಂಪಿ3 ಪ್ಲೇಯರ್ ಆರಿಸುವ ಮತ್ತು ಬಳಸುವ ಕ್ರಮ

ಕೈಯಲ್ಲಿರುವ ಮೊಬೈಲ್ ಫೋನಿನಲ್ಲೇ ಹಾಡು ಕೇಳಲು ಬರುವಾಗ ಅದಕ್ಕೆಂದೇ ಬೇರೊಂದು ಉಪಕರಣ ಏಕೆ ಎಂದು ಕೇಳುವವರಿದ್ದಾರೆ. ನಾಲ್ಕೈದು ನಿಮಿಷದ ಚಿತ್ರಗೀತೆಗಳನ್ನು ಆಗೊಮ್ಮೆ ಈಗೊಮ್ಮೆ ಕೇಳುವವರಿಗೆ ನಿಜಕ್ಕೂ ಅದು ಬೇಕಾಗಿಲ್ಲ. ಆದರೆ ವೇಷ, ಕುಣಿತವಿಲ್ಲದೆ ಹಾಡು, ಮಾತುಗಳಲ್ಲೇ ಯಕ್ಷಗಾನದ ಕಥೆ (ಪ್ರಸಂಗ) ನಡೆಸುವ ಮೂರು ಗಂಟೆಯ ತಾಳಮದ್ದಲೆ, ಒಂದೇ ರಾಗವನ್ನು ಮುಕ್ಕಾಲು ಗಂಟೆ ಬೆಳೆಸಿದ ಖಯಾಲ್, ದಿನಕ್ಕೊಂದು ಸಂಧಿಯಂತೆ ಸಾಗುವ ಗಮಕ ವಾಚನ ಇವನ್ನು ಕೇಳುವವರ ಅಗತ್ಯವೇ ಬೇರೆ. ಪಾತ್ರದ ಮಾತಾಡುವ ಅರ್ಥಧಾರಿ ಪೀಠಿಕೆ ಮುಗಿಸಿ ವಾದಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಫೋನಿಗೆ ಕರೆ ಬಂದರೆ ಎಳೆ ಕಡಿದುಹೋಗುತ್ತದೆ. ನಮ್ಮ ಕಡೆ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾ ಪ್ರಸಂಗ ಕೇಳುವ ರೂಢಿಯಿದೆ. ಹಸಿ ಸಿಪ್ಪೆಯ ಕರೆ ಮೆತ್ತಿದ ಬೆರಳಿಗೆ ಫೋನಿನ ಗಾಜಿನ ಪರದೆ ಸ್ಪಂದಿಸುವುದೇ ಇಲ್ಲ. ಒತ್ತಿದರೆ ಒಳಹೋಗುವ ಗುಂಡಿಯಿರುವ ಚಿಕ್ಕ ಪ್ಲೇಯರಿನ ಬೆಲೆ ತಿಳಿಯುವುದು ಅಂಥ ಹೊತ್ತಿನಲ್ಲಿ.

1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ಹೊರತಂದಾಗ ಅದರಲ್ಲಿ ಹಿಡಿಯುತ್ತಿದ್ದುದು ಒಂದು ಕ್ಯಾಸೆಟ್. 1998ರಲ್ಲಿ ಬಂದ ಮೊದಲ ಎಂಪಿ3 ಪ್ಲೇಯರ್‌ಗಳ ಸ್ಮರಣಶಕ್ತಿ 32 ಎಂಬಿ, ಅಂದರೆ ಸುಮಾರು ಅರ್ಧ ಗಂಟೆಯ ಸಂಗೀತ. 2001ರಲ್ಲಿ ಬಂದ ಐಪಾಡ್ ಈ ಬಗೆಯ ಉಪಕರಣವನ್ನು ಮನೆಮಾತಾಗಿಸಿತು. 2022ರಲ್ಲಿ ಆಪಲ್ ಅದನ್ನು ನಿಲ್ಲಿಸಿತು. ಇದರಿಂದ ಪ್ಲೇಯರ್‌ಗಳ ಕಾಲವೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಆಯ್ಕೆ ಕಡಿಮೆಯಾಗಿದೆ, ಹೀಗಾಗಿ ಆರಿಸುವಾಗ ಎಚ್ಚರ ಹೆಚ್ಚು ಬೇಕಾಗಿದೆ.

ಯಾರಿಗೆ, ಎಲ್ಲಿ ಕೇಳಲು

ಮೊದಲು ಮಾಡಬೇಕಾದ ಕೆಲಸ ಇದನ್ನು ನಿರ್ಧರಿಸುವುದು. ಕೆಲಸ ಮಾಡುತ್ತಾ ನಾಲ್ಕು ಜನ ಒಟ್ಟಿಗೆ ಕೇಳುವುದಾದರೆ ಪೆನ್‌ಡ್ರೈವ್ ಮತ್ತು ಮೆಮರಿ ಕಾರ್ಡ್ ಹಾಕಬಹುದಾದ, ರೇಡಿಯೋ ಸಹ ಇರುವ ಚಿಕ್ಕ ಸ್ಪೀಕರ್ ಸಾಕು. ಪ್ರಯಾಣದಲ್ಲಿ ಅಥವಾ ರಾತ್ರಿ ಮಲಗಿ ಒಬ್ಬರೇ ಕೇಳುವುದಾದರೆ ಇಯರ್‌ಫೋನಿನ ಪ್ಲೇಯರ್ ಬೇಕು. ಬಸ್ಸಿನಲ್ಲಿ ಫೋನಿನ ಸ್ಪೀಕರಿನಿಂದ ಗಟ್ಟಿಯಾಗಿ ಹಾಡು ಹಾಕುವುದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲೇ ನಿರ್ಬಂಧಿಸಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಹಾಡು ತುಂಬಿಸುವ ಗೊಡವೆಯೇ ಬೇಡ, ಹಳೆಯ ಚಿತ್ರಗೀತೆ, ಭಾವಗೀತೆ ಸಾಕು ಎನ್ನುವ ಹಿರಿಯರಿಗೆ ಸಾರೆಗಾಮ ಕಂಪನಿ 2017ರಿಂದ ಮಾರುತ್ತಿರುವ ಕಾರ್ವಾನ್‌ನಂಥ, ಸಾವಿರಾರು ಹಾಡುಗಳನ್ನು ಮೊದಲೇ ತುಂಬಿಸಿದ ಪೆಟ್ಟಿಗೆ ಅನುಕೂಲ. ಕನ್ನಡದ ಹಾಡುಗಳದ್ದೇ ಆವೃತ್ತಿಯೂ ಇದೆ.

ನಾಲ್ಕನೆಯ ದಾರಿಯೊಂದಿದೆ, ಅದಕ್ಕೆ ಖರ್ಚೇ ಇಲ್ಲ. ಮೂಲೆಗೆ ಸೇರಿದ ಹಳೆಯ ಸ್ಮಾರ್ಟ್‌ಫೋನಿನಿಂದ ಸಿಮ್ ತೆಗೆದು, ಫ್ಲೈಟ್ ಮೋಡಿನಲ್ಲಿಟ್ಟು, ವಿಎಲ್‌ಸಿಯಂಥ ಉಚಿತವೂ ಜಾಹೀರಾತಿಲ್ಲದ್ದೂ ಆದ ಆ್ಯಪ್ ಹಾಕಿಕೊಂಡರೆ ಒಳ್ಳೆಯ ಪ್ಲೇಯರ್ ಸಿದ್ಧ. ಕನ್ನಡ ಲಿಪಿಯಲ್ಲಿ ಪ್ರಸಂಗದ ಹೆಸರು ಓದಬೇಕೆನ್ನುವವರಿಗೆ ಇದೇ ಉತ್ತಮ, ಏಕೆಂದರೆ ಕಡಿಮೆ ಬೆಲೆಯ ಪ್ಲೇಯರ್‌ಗಳ ಪರದೆಯಲ್ಲಿ ಕನ್ನಡದ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಆದರೆ ಫೋನಿನ ಬೆನ್ನು ಸ್ವಲ್ಪವಾದರೂ ಉಬ್ಬಿದ್ದರೆ ಅದನ್ನು ಬಳಸಕೂಡದು. ಬ್ಯಾಟರಿ ಊದಿಕೊಂಡಿರುವುದರ ಗುರುತು ಅದು, ಬೆಂಕಿ ಹತ್ತುವ ಅಪಾಯವಿದೆ.

ಅಂಗಡಿಯಲ್ಲಿ ಹತ್ತು ನಿಮಿಷ

ನನ್ನ ದೊಡ್ಡಪ್ಪನವರಿಗೆಂದು ತಂದ ಮೊದಲ ಪ್ಲೇಯರ್ ನೋಡಲು ಚೆನ್ನಾಗಿತ್ತು, ಧ್ವನಿಯೂ ಚೆನ್ನಾಗಿತ್ತು. ಆದರೆ ಆಫ್ ಮಾಡಿ ಮತ್ತೆ ಹಚ್ಚಿದಾಗಲೆಲ್ಲ ಮೊದಲ ಫೈಲಿನ ಮೊದಲ ಸೆಕೆಂಡಿನಿಂದಲೇ ಆರಂಭವಾಗುತ್ತಿತ್ತು. ಒಂದು ವಾರ ಪ್ರತಿ ರಾತ್ರಿಯೂ ಅದೇ ಗಣಪತಿ ಸ್ತುತಿ ಕೇಳಿದ ಅವರು, "ಕೃಷ್ಣ ಸಂಧಾನಕ್ಕೆ ಹೊರಡೋದೇ ಇಲ್ಲ ಮಾರಾಯ" ಎಂದು ಅದನ್ನು ನನ್ನ ಕೈಗೆ ವಾಪಸು ಕೊಟ್ಟರು. ಅಂದಿನಿಂದ ನಾನು ಬರಿಗೈಯಲ್ಲಿ ಅಂಗಡಿಗೆ ಹೋಗುವುದಿಲ್ಲ. ಒಂದು ಮೆಮರಿ ಕಾರ್ಡಿನಲ್ಲಿ ಎರಡು ಗಂಟೆಯ ಒಂದು ಫೈಲ್, ಧ್ವನಿ ನಷ್ಟವಾಗದ ಎಫ್‌ಎಲ್‌ಎಸಿ ಮಾದರಿಯ ಒಂದು ಫೈಲ್, ಕನ್ನಡದಲ್ಲಿ ಹೆಸರಿಟ್ಟ ಒಂದು ಫೈಲ್ ಹಾಕಿಕೊಂಡು ಹೋಗುತ್ತೇನೆ.

ಕಾರ್ಡನ್ನು ಪ್ಲೇಯರಿಗೆ ಹಾಕಿಸಿ ಉದ್ದದ ಫೈಲನ್ನು ಆರಂಭಿಸಬೇಕು. ಮುಂದೋಡಿಸುವ ಗುಂಡಿಯನ್ನು ಒತ್ತಿ ಹಿಡಿದು ಒಂದು ಗಂಟೆಯ ಆಚೆಗೆ ಹೋಗಿ ನೋಡಬೇಕು. ಕೆಲವು ಪ್ಲೇಯರ್‌ಗಳಲ್ಲಿ ಒತ್ತಿ ಹಿಡಿದಷ್ಟೂ ಓಟದ ವೇಗ ಹೆಚ್ಚುತ್ತದೆ. ಮತ್ತೆ ಕೆಲವು ಒಂದೇ ವೇಗದಲ್ಲಿ ತೆವಳುತ್ತವೆ, ಅವುಗಳಲ್ಲಿ ಮಧ್ಯಭಾಗ ತಲುಪುವಷ್ಟರಲ್ಲಿ ಹೆಬ್ಬೆರಳು ನೋಯುತ್ತದೆ. ಅಲ್ಲಿ ಪ್ಲೇಯರನ್ನು ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಬೇಕು. ನಿಲ್ಲಿಸಿದ ಜಾಗದಿಂದಲೇ ಮುಂದುವರಿದರೆ ಸರಿ. ಇಲ್ಲವಾದರೆ ಉಳಿದ ಗುಣಗಳು ಎಷ್ಟೇ ಇರಲಿ, ದೀರ್ಘ ಕೇಳ್ಮೆಗೆ ಆ ಪ್ಲೇಯರ್ ಉಪಯೋಗಕ್ಕೆ ಬಾರದು. ಪೆನ್‌ಡ್ರೈವ್ ಹಾಕುವ ಸ್ಪೀಕರ್‌ಗಳಲ್ಲಿ ಫೈಲ್ ಮಾತ್ರ ನೆನಪಿಟ್ಟುಕೊಂಡು ಫೈಲಿನೊಳಗಿನ ಜಾಗವನ್ನು ಮರೆಯುವಂಥವು ಬಹಳ. ಅಂಥದ್ದನ್ನೇ ಕೊಳ್ಳಬೇಕಾಗಿ ಬಂದರೆ ಪ್ರಸಂಗವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ ಹಾಕುವುದೊಂದೇ ಪರಿಹಾರ.

ಎರಡನೆಯದಾಗಿ, ಕಣ್ಣು ಮುಚ್ಚಿ ಗುಂಡಿಗಳನ್ನು ಮುಟ್ಟಿ ನೋಡಬೇಕು. ಹಾಡು ನಿಲ್ಲಿಸುವ ಗುಂಡಿ ಯಾವುದು, ಧ್ವನಿ ತಗ್ಗಿಸುವ ಗುಂಡಿ ಯಾವುದು ಎಂದು ಬೆರಳಿಗೇ ಗೊತ್ತಾಗಬೇಕು. ಧ್ವನಿಯನ್ನು ತೀರ ಕೆಳಗಿನ ಹಂತಕ್ಕೆ ಇಳಿಸಿ ಇಯರ್‌ಫೋನಿನಲ್ಲಿ ಕೇಳುವುದೂ ಅಗತ್ಯ. ಅಗ್ಗದ ಪ್ಲೇಯರ್‌ಗಳಲ್ಲಿ ಒಂದನೆಯ ಹಂತವೇ ನಿಶ್ಶಬ್ದ ರಾತ್ರಿಯಲ್ಲಿ ಕಿವಿಗೆ ಜೋರೆನಿಸುತ್ತದೆ, ಹಾಡಿಲ್ಲದ ಹೊತ್ತಿನಲ್ಲೂ ಹಿನ್ನೆಲೆಯಲ್ಲಿ 'ಸ್' ಎಂಬ ಸದ್ದು ಬರುತ್ತದೆ.

ಬ್ಯಾಟರಿಯ ಬಗ್ಗೆ ಒಂದೇ ಮಾತು ಕೇಳಿ: ಬದಲಾಯಿಸಬಹುದೇ? ಚಿಕ್ಕ ಸ್ಪೀಕರ್, ರೇಡಿಯೋಗಳಲ್ಲಿ ಹಲವು ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿಯನ್ನೇ ಬಳಸುತ್ತವೆ. ಅದು ಹೋಬಳಿ ಮಟ್ಟದ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಮುಚ್ಚಳ ತೆಗೆದು ನಾವೇ ಹಾಕಬಹುದು. ಟೈಪ್-ಸಿ ಕಿಂಡಿ ಇದ್ದರೂ ಕೆಲವು ಅಗ್ಗದ ಉಪಕರಣಗಳು ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿನಿಂದ ಚಾರ್ಜ್ ಆಗುವುದಿಲ್ಲ. ಚಾರ್ಜರಿನ ಕಡೆ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ಲೇ ಬೇಕು. ಕೆಟ್ಟಿದೆಯೆಂದು ವಾಪಸು ಮಾಡುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಮೆಮರಿ ಕಾರ್ಡ್: ಅಸಲಿ, ನಕಲಿ

ಹೆಚ್ಚಿನವರಿಗೆ 32 ಜಿಬಿ ಕಾರ್ಡ್ ಸಾಕು. ಹಳೆಯ ಪ್ಲೇಯರ್‌ಗಳು ಮತ್ತು ಅಗ್ಗದ ಸ್ಪೀಕರ್‌ಗಳು ಅದಕ್ಕಿಂತ ದೊಡ್ಡ ಕಾರ್ಡನ್ನು ಗುರುತಿಸದೆಯೂ ಇರಬಹುದು. 32 ಜಿಬಿವರೆಗಿನವು ಫೈಲುಗಳನ್ನು ಜೋಡಿಸಿಡುವ ಎಫ್‌ಎಟಿ32 ಎಂಬ ಹಳೆಯ ಏರ್ಪಾಟಿನಲ್ಲೂ ಅದಕ್ಕೂ ದೊಡ್ಡವು ಇಎಕ್ಸ್‌ಫ್ಯಾಟ್ ಎಂಬ ಹೊಸತರಲ್ಲೂ ಸಿದ್ಧವಾಗಿ ಬರುವುದೇ ಕಾರಣ.

ಒಮ್ಮೆ ಬಹಳ ಕಡಿಮೆ ಬೆಲೆಗೆ ಸಿಕ್ಕಿತೆಂದು ನಾನು 64 ಜಿಬಿ ಕಾರ್ಡೊಂದನ್ನು ಕೊಂಡೆ. ಎರಡು ದಿನ ಕೂತು ಮನೆಯ ಸಂಗ್ರಹವನ್ನೆಲ್ಲ ಅದಕ್ಕೆ ತುಂಬಿದೆ. ಕಂಪ್ಯೂಟರಿನಲ್ಲಿ ಎಲ್ಲ ಹೆಸರುಗಳೂ ಕಾಣುತ್ತಿದ್ದವು, ಆದರೆ ಮೊದಲ ಎಂಟು ಜಿಬಿಯ ಆಚೆಗಿನ ಯಾವ ಫೈಲೂ ಹಾಡಲಿಲ್ಲ. ಒಳಗಿದ್ದುದು ಎಂಟೇ ಜಿಬಿ, 64 ಎಂದು ಹೇಳಿಕೊಳ್ಳುವಂತೆ ಅದನ್ನು ತಿದ್ದಲಾಗಿತ್ತು. ಆದ್ದರಿಂದ ಹೊಸ ಕಾರ್ಡ್ ತಂದೊಡನೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಬೇಕು. ಅದು ಕಾರ್ಡಿನ ತುದಿಯವರೆಗೂ ಮಾಹಿತಿ ಬರೆದು, ಮತ್ತೆ ಓದಿ, ಎಲ್ಲಿ ತಪ್ಪಿದೆ ಎಂದು ಹೇಳುತ್ತದೆ. ಸಮಯ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿದರೆ ಸರಿ.

ಯಾವ ಗುಣಮಟ್ಟದ ಫೈಲ್

128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್ ಮಾಹಿತಿಯ) ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 32 ಜಿಬಿ ಕಾರ್ಡಿನಲ್ಲಿ ಐನೂರು ಗಂಟೆಗೂ ಮಿಕ್ಕಿ ಹಿಡಿಸುತ್ತದೆ. ಮಾತೇ ಮುಖ್ಯವಾದ ತಾಳಮದ್ದಲೆ, ಪ್ರವಚನ, ಗಮಕಗಳಿಗೆ 64 ಕೆಬಿಪಿಎಸ್ ಮೋನೋ (ಎರಡೂ ಕಿವಿಗೆ ಒಂದೇ ಧ್ವನಿ) ಸಾಕಾಗುತ್ತದೆ. ಎಂಟು ಗಂಟೆಯ ಇಡೀ ರಾತ್ರಿಯ ಯಕ್ಷಗಾನದ ಆಟ ಸುಮಾರು 230 ಎಂಬಿಯಲ್ಲಿ ಮುಗಿಯುತ್ತದೆ. ಸಂಗೀತಕ್ಕೆ 256 ಅಥವಾ 320 ಇರಲಿ. ಎಫ್‌ಎಲ್‌ಎಸಿ ಮಾದರಿಯಲ್ಲಿ ಸಿ.ಡಿ.ಯ ಧ್ವನಿ ಒಂದಿಷ್ಟೂ ನಷ್ಟವಾಗದೆ ಉಳಿಯುತ್ತದೆ, ಆದರೆ ನಿಮಿಷಕ್ಕೆ ಐದಾರು ಎಂಬಿ ಬೇಕು.

ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಪರಂಪರೆಯ ಗಾಯನವನ್ನು ಕೇಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಛೇರಿಯ ಧ್ವನಿಮುದ್ರಣಗಳಲ್ಲಿ ನಿಧಾನ ಲಯದ ವಿಲಂಬಿತ್ ಒಂದು ಫೈಲಿನಲ್ಲೂ ವೇಗದ ದ್ರುತ್ ಮತ್ತೊಂದರಲ್ಲೂ ಇರುವುದುಂಟು, ಹಾಡುವಿಕೆ ಮಾತ್ರ ನಡುವೆ ನಿಂತಿರುವುದಿಲ್ಲ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಆರಂಭದಲ್ಲಿ, ಕೊನೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಇದರಿಂದ ಲಯ ಏರುತ್ತಿರುವ ಗಳಿಗೆಯಲ್ಲೇ ತಂಬೂರಿಯ ನಾದ ಗಕ್ಕನೆ ಕಡಿದಂತಾಗುತ್ತದೆ. ಎರಡೂ ಭಾಗಗಳನ್ನು ಮೂಲದಿಂದಲೇ ಜೋಡಿಸಿ ಒಂದೇ ಫೈಲಾಗಿ ಮಾಡಿಕೊಂಡರೆ ಈ ತೊಂದರೆ ಇರದು.

ಮನೆಯ ಕ್ಯಾಸೆಟ್‌ಗಳನ್ನು ಪ್ಲೇಯರಿಗೆ ತರುವುದು

ಅಟ್ಟದ ಮೇಲಿನ ಕ್ಯಾಸೆಟ್‌ಗಳಲ್ಲಿರುವುದು ಬೇರೆಲ್ಲೂ ಸಿಗದ ಧ್ವನಿಯಾಗಿರಬಹುದು: ಊರ ದೇವಸ್ಥಾನದ ಕೂಟ, ಅಜ್ಜಿ ಹಾಡಿದ ಹಸೆಗೆ ಕರೆಯುವ ಹಾಡು. ಕೆಲಸ ಆಯಾ ಕ್ಯಾಸೆಟ್ಟಿನಷ್ಟೇ ಸಮಯ ಹಿಡಿಯುತ್ತದೆ. ಸಿ-90 ಎಂದರೆ ಒಂದೂವರೆ ಗಂಟೆ, ಅದಕ್ಕೆ ಅಡ್ಡದಾರಿಯಿಲ್ಲ. ಮೊದಲು ಟೇಪ್‌ರೆಕಾರ್ಡರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಂತ ಮೇಲೆ, ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಅಂಟಿಕೊಂಡ ಸುರುಳಿ ಸಡಿಲವಾಗಲು ಬಿಡಬೇಕು. ಅನಂತರ ಟೇಪ್‌ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಹೊರಗಿನ ಧ್ವನಿಯನ್ನು ಒಳತೆಗೆದುಕೊಳ್ಳುವ ಕಂಪ್ಯೂಟರಿನ ಲೈನ್-ಇನ್ ಕಿಂಡಿಗೆ 3.5 ಮಿ.ಮೀ. ಕೇಬಲ್ ಜೋಡಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬೇಕು.

ಧ್ವನಿಯ ಮಟ್ಟವನ್ನು ಮಾತಿಗೆ ಹೊಂದಿಸುವುದು ಎಲ್ಲರೂ ಮಾಡುವ ತಪ್ಪು. ಚೆಂಡೆ ಬೀಳುವ ಜಾಗವನ್ನು ಹುಡುಕಿ ಹಚ್ಚಿ, ಆಗಲೂ ಸೂಚಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಬೇಕು. ಮೇಲಿನ ಅಂಚಿಗೆ ಬಡಿದು ಒಡೆದ ಧ್ವನಿಯನ್ನು ಮತ್ತೆ ಸರಿಪಡಿಸಲಾಗದು. ಹಿನ್ನೆಲೆಯ ಸದ್ದನ್ನು ತೆಗೆಯುವ ಸೌಲಭ್ಯವನ್ನು ಹಿತಮಿತವಾಗಿ ಬಳಸಬೇಕು. ಅತಿಯಾದರೆ ಶ್ರುತಿಯೂ ಸಕಾರ, ಶಕಾರಗಳ ಸ್ಪಷ್ಟತೆಯೂ ಸದ್ದಿನ ಜೊತೆಗೇ ಹೋಗಿ, ಅರ್ಥಧಾರಿ ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ನಾನಂತೂ ಟೇಪಿನ ಸದ್ದನ್ನು ಇದ್ದ ಹಾಗೆಯೇ ಬಿಡುತ್ತೇನೆ. ತಿದ್ದದ ಮೂಲಪ್ರತಿಯನ್ನು ಧ್ವನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ ಅಥವಾ ಎಫ್‌ಎಲ್‌ಎಸಿಯಾಗಿ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಪ್ಲೇಯರಿಗೆ ಎಂಪಿ3 ಪ್ರತಿ ಮಾತ್ರ ಹಾಕಬೇಕು.

ಹೆಸರು ಮತ್ತು ಅನುಕ್ರಮ

ಫೈಲುಗಳಿಗೆ 01, 02 ಎಂದು ಎರಡಂಕಿಯಲ್ಲೇ ಸಂಖ್ಯೆ ಕೊಡಬೇಕು. 1, 2 ಎಂದಷ್ಟೇ ಕೊಟ್ಟರೆ ಹಲವು ಪ್ಲೇಯರ್‌ಗಳು ಒಂದಾದ ಮೇಲೆ ಹತ್ತನ್ನು ಹಾಡುತ್ತವೆ. ಕಡಿಮೆ ಬೆಲೆಯ ಸ್ಪೀಕರ್‌ಗಳಲ್ಲಿ ಹಲವು ಹೆಸರನ್ನೇ ನೋಡುವುದಿಲ್ಲ, ಕಾರ್ಡಿಗೆ ಯಾವ ಕ್ರಮದಲ್ಲಿ ನಕಲಾಯಿತೋ ಅದೇ ಕ್ರಮದಲ್ಲಿ ಹಾಡುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಎಲ್ಲ ಫೈಲುಗಳನ್ನೂ ಆಯ್ದು ಎಳೆಯುವಾಗ ಮೌಸಿನ ತುದಿ ಯಾವ ಫೈಲಿನ ಮೇಲಿದೆಯೋ ಅದೇ ಮೊದಲು ನಕಲಾಗುವುದುಂಟು, ಆದ್ದರಿಂದ 01ರ ಮೇಲೆಯೇ ಹಿಡಿದು ಎಳೆಯಬೇಕು. ನಡುವೆ ಒಂದು ಫೈಲ್ ಸೇರಿಸಬೇಕಾದರೆ ಆ ಫೋಲ್ಡರನ್ನು ಅಳಿಸಿ ಪೂರ್ತಿ ಮತ್ತೆ ಹಾಕುವುದೇ ಸುಲಭ.

ಕಿವಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಕೇಳಬಹುದು; 90 ಡೆಸಿಬೆಲ್ಲಿಗೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬೆಲ್. ಡೆಸಿಬೆಲ್ ಅಳೆಯುವ ಸಾಧನ ಮನೆಯಲ್ಲಿರುವುದಿಲ್ಲ, ಹಾಗಾಗಿ ಧ್ವನಿಯನ್ನು ಗರಿಷ್ಠದ ಅರುವತ್ತು ಪ್ರತಿಶತದ ಒಳಗೇ ಇಡುವುದು ಒಳ್ಳೆಯ ರೂಢಿ. ಬಸ್ಸಿನ ಇಂಜಿನ್ ಸದ್ದನ್ನು ಮೀರಿಸಲು ಧ್ವನಿ ಏರಿಸುವುದೇ ಹೆಚ್ಚು ಅಪಾಯಕಾರಿ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಬಳಸಿದರೆ ಹೊರಗಿನ ಸದ್ದು ತಗ್ಗಿ, ಕಡಿಮೆ ಧ್ವನಿಯಲ್ಲೇ ಮಾತು ಸ್ಪಷ್ಟವಾಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ತುದಿಗಳನ್ನು ಹಾಕಿ ನೋಡಬೇಕು. ಎರಡೂ ಕಿವಿಗೆ ಒಂದೇ ಅಳತೆ ಹೊಂದಬೇಕೆಂದಿಲ್ಲ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಅದನ್ನು ತೆಗೆದಿಡಬೇಕು.

ರೇಡಿಯೋ ಇರುವ ಪ್ಲೇಯರ್‌ಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ. ಬೆಂಗಳೂರಿನಲ್ಲಿ 102.9ರ ವಿವಿಧ ಭಾರತಿ ಕರಕರ ಎಂದರೆ ತಂತಿಯನ್ನು ಸುತ್ತಿಡದೆ ಉದ್ದಕ್ಕೆ ಬಿಟ್ಟು ನೋಡಬೇಕು.

ಮಳೆಗಾಲ

ಮಲೆನಾಡು, ಕರಾವಳಿಗಳಲ್ಲಿ ಪ್ಲೇಯರ್ ಕೆಡುವುದು ಬಿದ್ದು ಅಲ್ಲ, ತೇವದಿಂದ. ಜೂನ್ ಬಂತೆಂದರೆ ಅದನ್ನು ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಬೇಕು. ಒಲೆಯ ಹತ್ತಿರ ಇಡುವುದು ಬೇಡ, ಬಿಸಿಗೆ ಬ್ಯಾಟರಿ ಬೇಗ ಸೋಲುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಪೂರ್ತಿ ಬರಿದಾಗಿರಬಾರದು, ಪೂರ್ತಿ ತುಂಬಿಯೂ ಇರಬಾರದು. ಅರ್ಧದಷ್ಟು ಚಾರ್ಜ್ ಇಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಇಯರ್‌ಫೋನ್ ಕಿಂಡಿಯಲ್ಲಿ ಹಸಿರು ಕಿಲುಬು ಕಂಡರೆ ಅದೇ ಆಲ್ಕೋಹಾಲಿನ ಹತ್ತಿಕಡ್ಡಿಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಚ್ಚಿ.