ಕಾಸರಗೋಡಿನಿಂದ ಕೊಚ್ಚಿವರೆಗೆ ಕಾರು, ನಡುವೆ ದೋಣಿ: ಮನೆಮಂದಿಯ ಕರಾವಳಿ ಪ್ರವಾಸ ಹೀಗೆ ಮಾಡಿ

ಪ್ರವಾಸ ಅಂದ ಕೂಡಲೇ ನಾವು ಮೊದಲು ಮಾಡುವ ಕೆಲಸ ಮ್ಯಾಪ್ ತೆರೆದು ಕಿಲೋಮೀಟರ್ ಲೆಕ್ಕ ಹಾಕುವುದು. ಮಡಿಕೇರಿಗೋ ಮೈಸೂರಿಗೋ ಹೋಗುವುದಾದರೆ ಅದು ಸರಿ. ಆದರೆ ಕಾರೂ ದೋಣಿಯೂ ಎರಡೂ ಇರುವ ಪ್ರವಾಸಕ್ಕೆ ಆ ಲೆಕ್ಕ ಸಾಲುವುದಿಲ್ಲ. ಕಾರು ಒಂದು ಗಂಟೆ ತಡವಾದರೆ ಏನೂ ಆಗುವುದಿಲ್ಲ, ದೋಣಿ ತಪ್ಪಿದರೆ ಆ ದಿನವೇ ಹೋಯಿತು. ಅದಕ್ಕೆ ನೀರಿನ ಮೇಲಿನ ಸಮಯವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ರಸ್ತೆಯನ್ನು ಆಮೇಲೆ ಅದಕ್ಕೆ ಹೊಂದಿಸಿ.

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಇದು ಅಂಗಳದಲ್ಲೇ ಇರುವ ಪ್ರವಾಸ. ಆದರೂ ನಮ್ಮಲ್ಲಿ ಎಷ್ಟೋ ಜನ ಆಲಪ್ಪುಳಕ್ಕೆ ಹೋಗಿ ಹೌಸ್‌ಬೋಟ್ ಹತ್ತುತ್ತಾರೆ, ನೀಲೇಶ್ವರದಲ್ಲಿ ಅದೇ ಹೌಸ್‌ಬೋಟ್ ಉಂಟು ಅಂತ ಗೊತ್ತೇ ಇರುವುದಿಲ್ಲ. ವಾಪಸ್ ಬರುವ ದಾರಿ ಬಿಟ್ಟು ನಾಲ್ಕು ದಿನ ಬಿಡುವಿದ್ದರೆ ಬೇಕಲ, ನೀಲೇಶ್ವರದ ಹಿನ್ನೀರು, ಕಣ್ಣೂರು, ಕೊಚ್ಚಿ ಎಲ್ಲ ಆಗುತ್ತದೆ. ಎರಡೇ ದಿನವಾದರೆ ಹಿನ್ನೀರು ಮುಗಿಸಿ ವಾಪಸ್ ಬನ್ನಿ. ಅದೂ ಪೂರ್ತಿ ಪ್ರವಾಸವೇ.

ತಿಂಗಳು ಮೊದಲು ನೋಡಿ

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಮಕ್ಕಳ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅಂದರೆ ಹೋಗಬಹುದು, ಆದರೆ ಸೆಕೆ ಜಾಸ್ತಿ. ಹನ್ನೊಂದು ಗಂಟೆಯಿಂದ ಮೂರೂವರೆವರೆಗೆ ಹೊರಗೆ ಸುತ್ತುವ ಯಾವ ಯೋಜನೆಯನ್ನೂ ಇಟ್ಟುಕೊಳ್ಳಬೇಡಿ. ಜೂನ್‌ನಿಂದ ಮಳೆ ನಿಲ್ಲುವವರೆಗೆ ಸಮುದ್ರದ ದೋಣಿ ಬೇಡ. ಕೇರಳದಲ್ಲಿ ಟ್ರಾಲಿಂಗ್ ಮಾಡುವ, ಅಂದರೆ ಕಡಲಲ್ಲಿ ದೊಡ್ಡ ಬಲೆ ಎಳೆಯುವ ದೋಣಿಗಳಿಗೆ ಜುಲೈ 31ರವರೆಗೆ 52 ದಿನ ನಿಷೇಧ ಇರುತ್ತದೆ. ದಿನಾ ಕಡಲಿಗೆ ಹೋಗುವವರ ದೊಡ್ಡ ದೋಣಿಗಳೇ ದಡದಲ್ಲಿರುವಾಗ ನಾವು ಮಕ್ಕಳನ್ನು ಕರೆದುಕೊಂಡು ಅಲೆ ನೋಡಲು ಹೋಗುವುದು ಯಾಕೆ?

ಮಳೆಗಾಲದಲ್ಲಿ ರಸ್ತೆಯೂ ನಂಬಿಕೆಗೆ ಬಾರದು. 2025ರಲ್ಲಿ ಚೆರುವತ್ತೂರಿನ ವೀರಮಲೆಯಲ್ಲಿ ಗುಡ್ಡ ಹೆದ್ದಾರಿಗೇ ಜರಿದು ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕಟ್ಟುತ್ತಿದ್ದ ಹೊಸ ಹೆದ್ದಾರಿಯೇ ಕುಸಿಯಿತು.

ದೋಣಿ ಗೊತ್ತು ಮಾಡುವಾಗ ಕೇಳಬೇಕಾದ್ದು

ನೀಲೇಶ್ವರದ ಹತ್ತಿರ ಕೋಟ್ಟಪ್ಪುರ ಅಂತ ಒಂದು ಕಡವು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಬರುವ ತೇಜಸ್ವಿನಿ ಹೊಳೆ ಇಲ್ಲಿ ಅಗಲವಾಗಿ, ನಿಧಾನವಾಗಿ ಕಡಲ ಕಡೆ ಸಾಗುತ್ತದೆ. ಇಲ್ಲಿಂದ ಹೌಸ್‌ಬೋಟುಗಳು ಹೊರಟು ದಕ್ಷಿಣಕ್ಕೆ ವಲಿಯಪರಂಬ, ಕವ್ವಾಯಿ ಹಿನ್ನೀರಿನ ಕಡೆಗೆ ಹೋಗುತ್ತವೆ. ಒಂದು ಬದಿ ಊರು, ಇನ್ನೊಂದು ಬದಿ ತೆಳುವಾದ ಉದ್ದನೆಯ ನೆಲ, ಅದರಾಚೆ ಸಮುದ್ರ. ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರು ಇದು. ಆಲಪ್ಪುಳದ ಹಾಗೆ ದೋಣಿಗೆ ದೋಣಿ ತಾಗುವ ಗೌಜಿ ಇಲ್ಲಿ ಇಲ್ಲ.

ಫೋನಿನಲ್ಲಿ ಬುಕ್ ಮಾಡುವಾಗ ದರ ಒಂದೇ ಕೇಳಿ ಇಟ್ಟುಬಿಡಬೇಡಿ. ಎಷ್ಟು ಹೊತ್ತಿಗೆ ಹತ್ತಬೇಕು, ಎಷ್ಟು ಹೊತ್ತಿಗೆ ಇಳಿಸುತ್ತಾರೆ, ಅದರಲ್ಲಿ ದೋಣಿ ನಿಜವಾಗಿ ಓಡುವುದು ಎಷ್ಟು ಗಂಟೆ ಅಂತ ಬಿಡಿಸಿ ಕೇಳಿ. ಹೌಸ್‌ಬೋಟ್ ರಾತ್ರಿಯಿಡೀ ಓಡುವುದಿಲ್ಲ, ಸಂಜೆಯಾದ ಮೇಲೆ ಒಂದು ಕಡೆ ಕಟ್ಟಿ ನಿಲ್ಲಿಸುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಮೀನಿನವರು ಬಲೆ ಬಿಡುತ್ತಾರೆ. ಎಸಿ ಇಡೀ ದಿನ ಇರುತ್ತದೋ ರಾತ್ರಿ ಮಾತ್ರವೋ? ಮಕ್ಕಳಿಗೆ ಬೇರೆ ದರವೋ? ಕಾರನ್ನು ರಾತ್ರಿ ಎಲ್ಲಿ ಬಿಡುವುದು? ಸಸ್ಯಾಹಾರಿಗಳಾದರೆ ಹಿಂದಿನ ದಿನವೇ ಹೇಳಿ, ಮೀನು ಹುರಿದ ಬಾಣಲೆ ಬೇರೆ ಇರಲಿ ಅಂತಲೂ ಹೇಳಿ. ಇದನ್ನು ಕೇಳಲು ಸಂಕೋಚ ಬೇಡ, ಅಡುಗೆಯವರಿಗೂ ಅದೇ ಅನುಕೂಲ.

ಅಜ್ಜ ಅಜ್ಜಿ ಜೊತೆಗಿದ್ದರೆ ಇನ್ನೊಂದು ಪ್ರಶ್ನೆ ಉಂಟು. ಕಟ್ಟೆಯಿಂದ ದೋಣಿಗೆ ಹತ್ತುವುದು ಹೇಗೆ? ಹಲಗೆಯೋ, ಮೆಟ್ಟಿಲೋ, ಹಿಡಿಯಲು ಕಂಬಿ ಉಂಟೋ? ನೀರು ಇಳಿದಾಗ ಕಟ್ಟೆ ಎತ್ತರವಾಗುತ್ತದೆ, ಮಂಡಿನೋವು ಇರುವವರಿಗೆ ಕಷ್ಟ. ಮಲಗುವ ಕೋಣೆ, ಶೌಚಾಲಯ ಎರಡೂ ಕೆಳಗಿನ ಅಂತಸ್ತಿನಲ್ಲೇ ಇರುವ ದೋಣಿಯನ್ನೇ ಆರಿಸಿ.

ಹತ್ತುವ ಮೊದಲು ಐದು ನಿಮಿಷ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. 2023ರ ಮೇ 7ರಂದು ಮಲಪ್ಪುರಂನ ತಾನೂರಿನಲ್ಲಿ ವಿಹಾರ ದೋಣಿ ಮಗುಚಿ 22 ಜನ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು. ಮೀನುಗಾರಿಕೆಯ ದೋಣಿಯನ್ನು ವಿಹಾರ ದೋಣಿ ಮಾಡಿದ್ದರು, ಮಿತಿ ಮೀರಿ ಜನರನ್ನು ಹತ್ತಿಸಿದ್ದರು, ಹೊತ್ತು ಮುಳುಗಿತ್ತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ ಸತ್ತರು. ಅಲ್ಲಿ ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಿದ್ದರು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ನೋಡಬೇಕಾದ್ದು ಸ್ವಲ್ಪವೇ, ನೋಡುವವರು ಮಾತ್ರ ಕಮ್ಮಿ. ದೋಣಿಯ ಮೈಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು. ಎಷ್ಟು ಜನರಿಗೆ ಅನುಮತಿ ಅಂತ ಕಾಣುವ ಹಾಗೆ ಇರಬೇಕು. ಇಲ್ಲದಿದ್ದರೆ ಕೇಳಿ, ಆಮೇಲೆ ನಿಮ್ಮ ತಲೆಗಳನ್ನು ಎಣಿಸಿ, ಕೈಕೂಸನ್ನೂ ಸೇರಿಸಿ. ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಒಂದೊಂದು ಇರಬೇಕು. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದ್ದರೆ ಆ ಜಾಕೆಟನ್ನೇ ಎರಡೂ ಭುಜದ ಹತ್ತಿರ ಹಿಡಿದು ಮೆಲ್ಲಗೆ ಎತ್ತಿ ನೋಡಿ: ಜಾಕೆಟ್ ಮೇಲೆ ಬಂದು ಮುಖ ಮುಚ್ಚಿತು, ಮಗು ಕೆಳಗೇ ಉಳಿಯಿತು ಅಂದರೆ ಅದು ನೀರಿನಲ್ಲಿ ಕಳಚಿ ಹೋಗುತ್ತದೆ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್‌ನಿಂದ ಉಪಯೋಗ ಇಲ್ಲ, ಮೈಮೇಲೆ ಹಾಕಿ ಬಕಲ್ ಬಿಗಿಯಬೇಕು. ಅಡುಗೆ ಮಾಡುವ ದೋಣಿಯಾದ್ದರಿಂದ ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ.

ಸರಿ ಇಲ್ಲ ಅನ್ನಿಸಿದರೆ ಮುಂಗಡ ಹೋದರೂ ಹೋಗಲಿ, ಹತ್ತಬೇಡಿ. ತುರ್ತಿಗೆ 112 ಮತ್ತು ಕೋಸ್ಟ್ ಗಾರ್ಡ್‌ನ 1554 ಫೋನಿನಲ್ಲಿ ಸೇವ್ ಆಗಿರಲಿ.

ಕಾಸರಗೋಡಿನಿಂದ ಹೊರಡುವುದು

ಮಧ್ಯಾಹ್ನ ಊಟ ಮಾಡಿ ಹೊರಡಿ. ಬೇಕಲಕ್ಕೆ ಹೋಗುವವರು ಹೆದ್ದಾರಿ ಹಿಡಿಯಬೇಡಿ, ಅದು ಚೆರ್ಕಳ, ಪೆರಿಯ ಅಂತ ಒಳಗಿನಿಂದ ಸುತ್ತಿ ಹೋಗುತ್ತದೆ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸಂಕ ದಾಟಿ, ಮೇಲ್ಪರಂಬ, ಉದುಮ, ಪಾಲಕುನ್ನು ಮೂಲಕ ಹೋಗುವ ರಾಜ್ಯ ರಸ್ತೆ ಹಿಡಿಯಿರಿ. ಸುಮಾರು 16 ಕಿಲೋಮೀಟರ್.

ಕೋಟೆಗೆ ನಾಲ್ಕು ಗಂಟೆ ಹೊತ್ತಿಗೆ ತಲುಪಿದರೆ ಸಾಕು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ, ಕೇರಳದ ಅತಿ ದೊಡ್ಡದು. ಒಳಗೆ ನೆರಳು ಕಮ್ಮಿ. ಮುರಕಲ್ಲು ಮಧ್ಯಾಹ್ನದ ಬಿಸಿಲನ್ನೆಲ್ಲ ಹೀರಿ ಸಂಜೆಗೆ ಬಿಡುತ್ತಾ ಇರುತ್ತದೆ, ನೀರಿನ ಬಾಟಲಿ ಬೇಕೇ ಬೇಕು. ನಡುವಿನ ಎತ್ತರದ ಬುರುಜಿಗೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ, ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ ಕೆಳದಿಯ ಅರಸರ ಬಗ್ಗೆ ಓದುತ್ತಾರೆ. ಆ ಅರಸರ ಕೋಟೆ ಮನೆಯಿಂದ ಒಂದು ಗಂಟೆ ದಾರಿಯಲ್ಲಿದೆ ಅಂತ ಅವರಿಗೆ ಅಲ್ಲೇ ನಿಂತು ಹೇಳಿ. ರಾತ್ರಿ ಕಾಞಂಗಾಡಿನಲ್ಲೋ ನೀಲೇಶ್ವರದಲ್ಲೋ ಉಳಿದರೆ ಮರುದಿನ ದೋಣಿಗೆ ಓಡುವುದು ತಪ್ಪುತ್ತದೆ.

ನೀರಿನ ಮೇಲೆ ಏನು ನೋಡಬೇಕು

ಹೌಸ್‌ಬೋಟ್ ಅಂದರೆ ಟಿವಿ ಹಾಕಿ ಮಲಗುವ ಹೋಟೆಲ್ ರೂಮ್ ಅಂದುಕೊಂಡರೆ ಬೇಗ ಬೇಜಾರಾಗುತ್ತದೆ. ಮೊದಲು ದೋಣಿಯನ್ನೇ ನೋಡಿ. ಹಳೆಯ ಕ್ರಮದ ಕೆಟ್ಟುವಳ್ಳಂ ಆದರೆ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಾರೆ, ಮೊಳೆ ಹೊಡೆಯುವುದಿಲ್ಲ. ಕಪ್ಪು ಬಣ್ಣ ಬರುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ಮೊದಲು ಇದರಲ್ಲಿ ಅಕ್ಕಿ ಸಾಗಿಸುತ್ತಿದ್ದರು.

ಪಡನ್ನ, ವಲಿಯಪರಂಬದ ಕಡೆ ನೀರಿನಲ್ಲಿ ಬಿದಿರಿನ ಚಪ್ಪರಗಳು ಕಾಣುತ್ತವೆ. ಸುಮ್ನೆ ಕಂಬ ನೆಟ್ಟ ಹಾಗಿರುತ್ತದೆ. ಅದು ಕಲ್ಲುಮ್ಮಕ್ಕಾಯಿ, ಅಂದರೆ ತಿನ್ನುವ ಚಿಪ್ಪುಮೀನಿನ ಕೃಷಿ. ಚಳಿಗಾಲದ ಆರಂಭದಲ್ಲಿ ಸಣ್ಣ ಸಣ್ಣ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳುವಾದ ಬಟ್ಟೆ ಸುತ್ತಿ ಹೊಲಿದು, ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಐದಾರು ತಿಂಗಳಲ್ಲಿ ಹಗ್ಗ ತೋಳಿಗಿಂತ ದಪ್ಪವಾಗಿ, ಕಪ್ಪು ಹಸಿರು ಚಿಪ್ಪಿನ ಗೊಂಚಲಾಗಿ ಮೇಲೆ ಬರುತ್ತದೆ. ಮಳೆ ಬಿದ್ದು ನೀರಿನ ಉಪ್ಪು ಇಳಿಯುವ ಮೊದಲೇ ಕೊಯ್ಲು ಮುಗಿಸಬೇಕು, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೋದವರಿಗೆ ಹಗ್ಗ ಎತ್ತುವುದನ್ನು ನೋಡುವ ಅವಕಾಶ ಜಾಸ್ತಿ. ದೋಣಿ ನಡೆಸುವ ತಂಡೇಲರನ್ನು ಕೇಳಿದರೆ ಹತ್ತಿರ ನಿಧಾನ ಮಾಡುತ್ತಾರೆ. ಈ ಕೆಲಸದಲ್ಲಿ ಹೆಂಗಸರ ಸಂಘಗಳು ತುಂಬ ಇವೆ, ನೋಡಿ ಬರಬೇಕು ಮಾರಾಯ್ರೆ.

ದಕ್ಷಿಣಕ್ಕೆ ಹೋದ ಹಾಗೆ ಕಾಂಡ್ಲಾ ಗಿಡಗಳು ಹೆಚ್ಚುತ್ತವೆ, ದೂರದಲ್ಲಿ ಏಳಿಮಲೆ ಗುಡ್ಡ ಕಾಣುತ್ತದೆ. ಬೆಳಿಗ್ಗೆ ಬೇಗ ಏಳಿ. ಹಕ್ಕಿ ನೋಡಲು ಅದೇ ಹೊತ್ತು. ಪ್ಲಾಸ್ಟಿಕ್ ತಟ್ಟೆ, ಚಿಪ್ಸ್ ಪೊಟ್ಟಣ ಒಂದನ್ನೂ ನೀರಿಗೆ ಬಿಡಬೇಡಿ. ಆ ನೀರಲ್ಲೇ ಜನ ಬೆಳೆ ಬೆಳೆಯುತ್ತಿದ್ದಾರೆ.

ಕಣ್ಣೂರು ದಾಟುವಾಗ

ಕಣ್ಣೂರು ಮತ್ತು ತಲಶ್ಶೇರಿ ನಡುವೆ ಮುಳಪ್ಪಿಲಂಗಾಡ್ ಅಂತ ಕಾರು ಓಡಿಸುವ ಬೀಚ್ ಉಂಟು, ಸುಮಾರು 4 ಕಿಲೋಮೀಟರ್ ಉದ್ದ. ಇಲ್ಲಿ ಭರತ ಇಳಿತದ ಲೆಕ್ಕ ಬೇಕು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ಇವತ್ತು ನಾಲ್ಕಕ್ಕೆ ಇಳಿತವಿದ್ದರೆ ನಾಳೆ ನಾಲ್ಕು ಐವತ್ತರ ಹತ್ತಿರ. ಇಳಿತದ ಹೊತ್ತಿಗೆ ಹೋಗಿ, ಗಾಡಿ ಬಿಡುತ್ತಾರೋ ಅಂತ ಮೊದಲು ಕೇಳಿ, ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ಮಾತ್ರ ಓಡಿಸಿ. ಒಣ ಮರಳಿಗೆ ಚಕ್ರ ಹೋದರೆ ಹೂತುಕೊಳ್ಳುತ್ತದೆ. ಆಮೇಲೆ ಕಾರಿನ ಅಡಿಯನ್ನು ಸಿಹಿನೀರಿನಲ್ಲಿ ತೊಳೆಸಲೇಬೇಕು, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.

ಬೀಚಿಗೆ ಹೊರಡುವ ಬೆಳಿಗ್ಗೆ ಕಡಲಿನ ಎಚ್ಚರಿಕೆಯೂ ನೋಡಿ. ಕಳ್ಳಕ್ಕಡಲ್ ಅಂತ ಕೇರಳದಲ್ಲಿ ಹೇಳುವ ಅಲೆಗಳು ಇಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನವೂ ಬರುತ್ತವೆ, ಯಾಕೆಂದರೆ ಅವು ಎದ್ದದ್ದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮುನ್ಸೂಚನೆ ಕೊಡುತ್ತದೆ, ಸುದ್ದಿಯಲ್ಲೂ ಬರುತ್ತದೆ. ಎಚ್ಚರಿಕೆ ಇದ್ದರೆ ಆ ದಿನ ಬೀಚ್ ಬಿಟ್ಟು ತಲಶ್ಶೇರಿ ಬಿರಿಯಾನಿ ತಿನ್ನಿ.

2024ರ ಮಾರ್ಚ್‌ನಲ್ಲಿ ತೆರೆದ ತಲಶ್ಶೇರಿ–ಮಾಹೆ ಬೈಪಾಸ್‌ನಿಂದ ದಾರಿ ತುಂಬ ಹಗುರಾಗಿದೆ. ಮಾಹೆ ಪುದುಚೇರಿಗೆ ಸೇರಿದ್ದರಿಂದ ಪೆಟ್ರೋಲ್ ಅಲ್ಲಿ ಅಗ್ಗ. ರಾತ್ರಿ ಕೋಳಿಕ್ಕೋಡಿನಲ್ಲಿ ಉಳಿಯಿರಿ. ಒಬ್ಬರೇ ಚಾಲಕರಾದರೆ ಕಾಸರಗೋಡಿನಿಂದ ಕೊಚ್ಚಿಯವರೆಗೆ ಒಂದೇ ದಿನ ಓಡಿಸುವ ಹಠ ಬೇಡ, ಹತ್ತಿರ ಹತ್ತಿರ 400 ಕಿಲೋಮೀಟರ್ ಆಗುತ್ತದೆ, ಹೆದ್ದಾರಿ ಕೆಲಸ ನಡೆಯುವಲ್ಲಿ ಸರ್ವಿಸ್ ರಸ್ತೆಗೆ ಇಳಿದು ಹತ್ತುವುದರಲ್ಲೇ ಸುಸ್ತಾಗುತ್ತದೆ.

ಕೊಚ್ಚಿಯಲ್ಲಿ ಕಡಲಿಗೆ

ಹಿನ್ನೀರು ಬೇರೆ, ಕಡಲು ಬೇರೆ. ಕೇರಳ ಸರ್ಕಾರದ ನಿಗಮವೊಂದು ಸಾಗರರಾಣಿ, ನೆಫರ್ಟಿಟಿ ಅನ್ನುವ ವಿಹಾರ ನೌಕೆಗಳನ್ನು ನಡೆಸುತ್ತದೆ. ಬಂದರಿನ ಬಾಯಿ ದಾಟುವಾಗ ಚೀನೀ ಬಲೆಗಳು ಕಾಣುತ್ತವೆ, ಅದೃಷ್ಟವಿದ್ದರೆ ಡಾಲ್ಫಿನ್ನೂ ಕಾಣುತ್ತದೆ. ಟಿಕೆಟ್ ಮೊದಲೇ ಮಾಡಿಸಿ, ಆ ದಿನದ ಹವಾಮಾನ ನೋಡಿ ಹೊರಡಿ.

ಬಾಯಿ ದಾಟಿದ ಮೇಲೆ ತೂಗಾಟ ಶುರುವಾಗುತ್ತದೆ. ವಾಂತಿ ಬರುವವರು ಹೊಟ್ಟೆ ತುಂಬ ತಿಂದು ಹತ್ತಬಾರದು, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ನೌಕೆಯ ನಡುಭಾಗದಲ್ಲಿ, ಕೆಳಗೆ ಕುಳಿತುಕೊಳ್ಳಿ, ಅಲ್ಲಿ ತೂಗಾಟ ಕಮ್ಮಿ. ಕಣ್ಣು ದೂರದ ದಿಗಂತದ ಮೇಲಿರಲಿ, ಮೊಬೈಲ್ ನೋಡಿದರೆ ಖಂಡಿತ ತಲೆ ಸುತ್ತುತ್ತದೆ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ, ಹತ್ತುವ ಅರ್ಧ ಗಂಟೆ, ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ.

ಕಡಲು ಬೇಡ ಅನ್ನುವ ಹಿರಿಯರಿಗೆ ಕೊಚ್ಚಿ ವಾಟರ್ ಮೆಟ್ರೋ ಬಹಳ ಒಳ್ಳೆಯದು. 2023ರ ಏಪ್ರಿಲ್‌ನಲ್ಲಿ ಶುರುವಾದಾಗ ಕನಿಷ್ಠ ಟಿಕೆಟ್ 20 ರೂಪಾಯಿ ಇತ್ತು. ಎಸಿ ದೋಣಿ, ಸದ್ದು ಕಮ್ಮಿ. ಕಟ್ಟೆಯೇ ನೀರಿನ ಜೊತೆ ಏರಿ ಇಳಿಯುವುದರಿಂದ ಗಾಲಿಕುರ್ಚಿಯೂ ಸಲೀಸಾಗಿ ಒಳಗೆ ಹೋಗುತ್ತದೆ. ಇಡೀ ಪ್ರವಾಸದಲ್ಲಿ ಮಂಡಿನೋವಿನವರು ಯಾರ ಕೈ ಹಿಡಿಯದೆ ಹತ್ತುವ ದೋಣಿ ಇದೊಂದೇ ಇರಬಹುದು.

ವಾಪಸ್ ಬರುವಾಗ ಎಲ್ಲರೂ ಕಾರಿನಲ್ಲೇ ಬರಬೇಕೆಂದಿಲ್ಲ. ಎರ್ನಾಕುಳಂನಿಂದ ಕಾಸರಗೋಡಿಗೆ ವಂದೇ ಭಾರತ್ ಇದೆ. ಅಜ್ಜ ಅಜ್ಜಿಯನ್ನೂ ಸಣ್ಣ ಮಕ್ಕಳನ್ನೂ ಒಬ್ಬ ದೊಡ್ಡವರ ಜೊತೆ ಅದರಲ್ಲಿ ಕೂರಿಸಿ. ಸೀಟು ಬೇಗ ತುಂಬುತ್ತದೆ, ದೋಣಿ ಬುಕ್ ಮಾಡಿದ ದಿನವೇ ಈ ಟಿಕೆಟನ್ನೂ ಮಾಡಿಸಿಬಿಡಿ. ಉಳಿದವರು ಬ್ಯಾಗುಗಳನ್ನು ಡಿಕ್ಕಿಗೆ ಹಾಕಿಕೊಂಡು, ನಡುವೆ ಒಂದು ರಾತ್ರಿ ನಿಂತು, ಹಗಲಿನಲ್ಲಿ ಗಾಡಿ ಓಡಿಸಿಕೊಂಡು ಬಂದರಾಯಿತು.