ದುಡ್ಡು ಕೊಡುವ ಮೊದಲು ಸೀರಿಯಲ್ ನಂಬರ್ ಕೇಳಿ

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಲ್ಯಾಬ್ ರಿಪೋರ್ಟ್, ಬಿಲ್ಲಿಂಗ್, ರೋಗಿಗಳ ಹಳೆಯ ದಾಖಲೆ ಎಲ್ಲಾ ಅವುಗಳ ಮೇಲೇ ಓಡುತ್ತವೆ. ಹಾಗಾಗಿ ಹೊಸ ಮೆಷಿನ್ ಬೇಕಾದಾಗ ಯಾವ ಬ್ರ್ಯಾಂಡ್ ಅನ್ನುವುದಕ್ಕಿಂತ ಯಾರ ಹತ್ತಿರ ತಗೊಳ್ಳಬೇಕು ಅನ್ನುವುದಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

ಈ ಸಲ ಬಂದ ಕೊಟೇಶನ್‌ಗಳಲ್ಲಿ ಒಂದು ಉಳಿದವಕ್ಕಿಂತ ತೀರಾ ಕಡಿಮೆ ಇತ್ತು. ಹೊಸ ಡೆಲ್ ಸರ್ವರ್, ಸ್ಟಾಕ್ ಇದೆ, ನಾಳೆಯೇ ಕಳಿಸ್ತೀವಿ ಅಂದರು. ಸ್ಟಾಕ್ ಇದ್ದರೆ ಸರ್ವಿಸ್ ಟ್ಯಾಗ್, ಅಂದರೆ ಡೆಲ್ ಮೆಷಿನ್‌ನ ಸೀರಿಯಲ್ ನಂಬರ್, ಇರಲೇಬೇಕು, ಅಲ್ವಾ? ಕೇಳಿದೆ. ಪೇಮೆಂಟ್ ಆದ ಮೇಲೆ ಅಂದರು, ಮತ್ತೆ ಕೇಳಿದ ಮೇಲೆ ಕೊಟ್ಟರು. ಡೆಲ್‌ನ ಸಪೋರ್ಟ್ ಪುಟದಲ್ಲಿ ಹಾಕಿ ನೋಡಿದರೆ ಆ ಮೆಷಿನ್ ಬೇರೆ ದೇಶಕ್ಕೆ ಹೋಗಿದ್ದು, ವಾರಂಟಿ ಆಗಲೇ ಅರ್ಧಕ್ಕಿಂತ ಜಾಸ್ತಿ ಕಳೆದಿತ್ತು. ಅವರ ಜೊತೆ ಮಾತು ಅಲ್ಲಿಗೇ ಮುಗಿಯಿತು.

ಕೆಲವರು ನಮ್ಮ ಆರ್ಡರ್ ಬಂದ ಮೇಲೆ ಫ್ಯಾಕ್ಟರಿಯಿಂದ ತರಿಸುತ್ತಾರೆ. ಆಗ ಮೊದಲೇ ನಂಬರ್ ಸಿಗುವುದಿಲ್ಲ, ಅದು ಸಹಜ. ಅಂಥ ಕಡೆ ವಾರಂಟಿ ಆಸ್ಪತ್ರೆಯ ಹೆಸರಲ್ಲೇ ರಿಜಿಸ್ಟರ್ ಆಗಬೇಕು, ಹಾಗೆ ಆಗದಿದ್ದರೆ ಮಾಲು ವಾಪಸ್ ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸುತ್ತೇನೆ. ಎಚ್‌ಪಿಇ ಪ್ರೊಲಯಂಟ್ ಸರ್ವರ್ ಆದರೆ ಇದು ಇನ್ನೂ ಮುಖ್ಯ. 2014ರಿಂದ ಅವರ ಬಯೋಸ್ (ಮೆಷಿನ್ ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಇಳಿಸಿಕೊಳ್ಳಲು ಸಾಮಾನ್ಯವಾಗಿ ವಾರಂಟಿಯೋ ಸಪೋರ್ಟ್ ಕರಾರೋ ಚಾಲ್ತಿಯಲ್ಲಿ ಇರಬೇಕು.

ಆಮೇಲೆ ಡಿಸ್ಕ್. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಒಂದು ಮೋಸ ಹೊರಗೆ ಬಂತು. ಬಳಸಿದ ಸೀಗೇಟ್ ಎಕ್ಸೋಸ್ ಡಿಸ್ಕ್‌ಗಳನ್ನು ಹೊಸದು ಅಂತ ಮಾರಿದ್ದರು, ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಸ್ಮಾರ್ಟ್ ಲೆಕ್ಕವನ್ನು ಸೊನ್ನೆ ಮಾಡಿಬಿಟ್ಟಿದ್ದರು. ಆದರೆ ಡಿಸ್ಕ್ ಒಳಗಿನ ಫಾರ್ಮ್ ಅನ್ನುವ ಇನ್ನೊಂದು ಲಾಗ್‌ನಲ್ಲಿ ನಿಜವಾದ ಗಂಟೆಗಳು ಉಳಿದಿದ್ದವು, ಸಿಕ್ಕಿಬಿದ್ದದ್ದು ಅದರಿಂದಲೇ. ಅಂದಿನಿಂದ ಸೀಗೇಟ್ ಡಿಸ್ಕ್ ಬಂದ ದಿನವೇ ಸ್ಮಾರ್ಟ್‌ಸಿಟಿಎಲ್ ಅನ್ನುವ ಟೂಲ್‌ನಲ್ಲಿ ಎರಡೂ ಲೆಕ್ಕ ತೆಗೆದು ಹೋಲಿಸುತ್ತೇನೆ. ಹೀಗೆ ನೋಡ್ತೀನಿ ಅಂತ ಮಾರುವವರಿಗೂ ಮೊದಲೇ ಹೇಳುತ್ತೇನೆ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನೆಕ್ಸ್ಟ್ ಬಿಸಿನೆಸ್ ಡೇ ಸರ್ವಿಸ್, ಅಂದರೆ ಮುಂದಿನ ಕೆಲಸದ ದಿನವೇ ರಿಪೇರಿಗೆ ಬರ್ತೀವಿ ಅನ್ನುವುದನ್ನು ಸುಮ್ನೆ ನಂಬಬೇಡಿ. ಬೆಂಗಳೂರಿನಲ್ಲಿ ಸಿಗುವ ಸರ್ವಿಸ್ ಬೇರೆ ಊರುಗಳಲ್ಲೂ ಹಾಗೇ ಸಿಗುತ್ತೆ ಅಂತಿಲ್ಲ. ನಾನು ನಮ್ಮ ಪಿನ್‌ಕೋಡ್ ಕೊಟ್ಟು, ಪವರ್ ಸಪ್ಲೈ ಹೋದರೆ ಬದಲಿ ಯಾವ ಊರಿಂದ ಬರುತ್ತೆ, ಶನಿವಾರ ಸಂಜೆ ಕಂಪ್ಲೇಂಟ್ ಕೊಟ್ಟರೆ ಯಾವಾಗ ಬರ್ತೀರಿ ಅಂತ ಕೇಳಿ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳುತ್ತೇನೆ. ಒಬ್ಬರು ಮಾತ್ರ, "ಸೋಮವಾರ ಲೆಕ್ಕಕ್ಕೆ ಬರುತ್ತೆ ಸರ್, ಪಾರ್ಟ್ ಮಂಗಳವಾರ ಸಿಗಬಹುದು, ಅದಕ್ಕೆ ಒಂದು ಪವರ್ ಸಪ್ಲೈ, ಎರಡು ಡಿಸ್ಕ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ" ಅಂತ ಬರೆದರು. ಅವರ ರೇಟ್ ಸ್ವಲ್ಪ ಜಾಸ್ತಿಯೇ ಇತ್ತು. ಆರ್ಡರ್ ಅವರಿಗೇ ಕೊಟ್ಟೆವು, ಬಿಡಿ ಭಾಗಗಳನ್ನೂ ಅದೇ ಬಿಲ್‌ನಲ್ಲಿ ಸೇರಿಸಿ.